ಪುಟ್ಟ ವಿಮಾನದ ಆರೋಗ್ಯ: ಒಡೆತನದ ಸುಖ, ಪಾಲನೆಯ ಹೊಣೆ

ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ಬೇನೆಗಳನ್ನು ಕುರಿತ ಲೇಖನಗಳ ನಡುವೆ ವಿಮಾನದ ವಿಷಯವೇಕೆ ಎಂದು ಓದುಗರು ಆಶ್ಚರ್ಯಪಟ್ಟರೆ ಅದು ಸಹಜವೇ. ಆದರೆ ಸ್ವಲ್ಪ ಯೋಚಿಸಿ ನೋಡಿದರೆ, ನಿಯತಕಾಲದ ತಪಾಸಣೆ, ರೋಗ ಬರುವ ಮೊದಲೇ ಕೈಗೊಳ್ಳುವ ಎಚ್ಚರಿಕೆ, ಸುಳ್ಳಿಲ್ಲದ ದಾಖಲೆ, ದೇಹವನ್ನು ಜಡವಾಗಿ ಬಿಡದ ಶಿಸ್ತು, ಈ ನಾಲ್ಕು ಆರೋಗ್ಯಸೂತ್ರಗಳನ್ನು ಮನುಷ್ಯ ತನ್ನ ಶರೀರಕ್ಕಿಂತಲೂ ಹೆಚ್ಚು ನಿಷ್ಠೆಯಿಂದ ಪಾಲಿಸುವುದು ವಿಮಾನದ ವಿಷಯದಲ್ಲಿಯೇ ಎಂಬುದು ಗೋಚರವಾಗುತ್ತದೆ. ಅದಕ್ಕೆ ಕಾರಣವೂ ಸರಳ. ಮೋಟಾರು ಕಾರು ಕೆಟ್ಟರೆ ರಸ್ತೆಯ ಬದಿಗೆ ನಿಲ್ಲಿಸಬಹುದು. ಆಕಾಶದಲ್ಲಿ ರಸ್ತೆಯ ಬದಿ ಎಂಬುದಿಲ್ಲ.

ಇಲ್ಲಿ ಪ್ರಸ್ತಾಪಿಸುತ್ತಿರುವುದು ನೂರಾರು ಜನರನ್ನು ಹೊತ್ತೊಯ್ಯುವ ಭಾರೀ ವಿಮಾನಗಳನ್ನಲ್ಲ. ಇಬ್ಬರು ಅಥವಾ ನಾಲ್ವರು ಕುಳಿತುಕೊಳ್ಳುವ, ಮುಂಭಾಗದಲ್ಲಿ ಒಂದೇ ಪ್ರೊಪೆಲ್ಲರು ತಿರುಗುವ ಪುಟ್ಟ ವಿಮಾನಗಳನ್ನು. ಇಂಥ ವಿಮಾನವನ್ನು ಇಟ್ಟುಕೊಳ್ಳುವುದು ಶ್ರೀಮಂತರ ಖಯಾಲಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹಣವಿಲ್ಲದೆ ವಿಮಾನ ಬರುವುದಿಲ್ಲವೆಂಬುದು ನಿಜ. ಆದರೆ ಹಣವೊಂದಿದ್ದ ಮಾತ್ರಕ್ಕೆ ವಿಮಾನ ಉಳಿಯುವುದಿಲ್ಲ ಎಂಬುದು ಅದಕ್ಕಿಂತಲೂ ದೊಡ್ಡ ನಿಜ. ಆನೆಯನ್ನು ಕೊಳ್ಳುವುದು ಒಂದು ದಿನದ ಕೆಲಸ, ಸಾಕುವುದು ಬದುಕಿನುದ್ದದ ಕೆಲಸ ಎಂಬುದನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಮಗೂ ಈ ವಿಷಯಕ್ಕೂ ಇರುವ ನಂಟು

ವಿಮಾನವಿದ್ಯೆ ಕನ್ನಡಿಗರಿಗೆ ಹೊರಗಿನದಲ್ಲ. ಮೈಸೂರಿನ ಎಸ್. ವಿ. ಸೆಟ್ಟಿಯವರು 1912ರ ಸುಮಾರಿಗೇ ಇಂಗ್ಲೆಂಡಿನ ಎ. ವಿ. ರೋ ಅವರ ವಿಮಾನ ಕಾರ್ಖಾನೆಯಲ್ಲಿ ದುಡಿದು ವಿಮಾನದ ರಚನೆಯನ್ನೂ ಹಾರಾಟವನ್ನೂ ಅಭ್ಯಾಸ ಮಾಡಿದವರು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಅಂಚೆಯನ್ನು ತಂದಾಗ, ಅಲ್ಲಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಅವರು ಅದನ್ನು ಮದರಾಸಿಗೆ ಒಯ್ದದ್ದು ನಮ್ಮ ಬಳ್ಳಾರಿಯ ಮಾರ್ಗವಾಗಿ. ಕೆಲವು ವರ್ಷಗಳಲ್ಲಿಯೇ ಹೈದರಾಬಾದೂ ಆ ಅಂಚೆಮಾರ್ಗದಲ್ಲಿ ಸೇರಿತು.

ಹೈದರಾಬಾದಿನ ಕಥೆಯೂ ದೊಡ್ಡ ವಿಮಾನಗಳಿಂದ ಆರಂಭವಾದುದಲ್ಲ. 1930ರ ದಶಕದಲ್ಲಿ ನಿಜಾಮರ ಆಶ್ರಯದಲ್ಲಿ ಬೇಗಂಪೇಟೆಯಲ್ಲಿ ಬೆಳೆದ ಹೈದರಾಬಾದ್ ಏರೋ ಕ್ಲಬ್ಬಿನ ಸಣ್ಣ ವಿಮಾನಗಳೇ ಈ ನಗರದ ವಿಮಾನಯಾನಕ್ಕೆ ನಾಂದಿ ಹಾಡಿದವು. 1945ರಲ್ಲಿ ಡೆಕ್ಕನ್ ಏರ್‌ವೇಸ್ ಆರಂಭವಾಯಿತು. 1953ರಲ್ಲಿ ಅದು ರಾಷ್ಟ್ರೀಕರಣಗೊಂಡು ಇಂಡಿಯನ್ ಏರ್‌ಲೈನ್ಸಿನಲ್ಲಿ ಲೀನವಾಯಿತು. ಕಲಬುರಗಿ, ಬೀದರ, ರಾಯಚೂರುಗಳು 1956ರವರೆಗೆ ಹೈದರಾಬಾದು ರಾಜ್ಯದಲ್ಲಿಯೇ ಇದ್ದವಷ್ಟೆ. ಆ ಭಾಗದಿಂದ ಬಂದು ಇಲ್ಲಿ ನೆಲಸಿದವರಿಗೆ ಬೇಗಂಪೇಟೆಯು ಪರಸ್ಥಳದ ನಿಲ್ದಾಣವಲ್ಲ, ತಮ್ಮ ಹಿರಿಯರ ರಾಜಧಾನಿಯ ನಿಲ್ದಾಣ. 2008ರ ಮಾರ್ಚಿಯಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ಶಂಷಾಬಾದಿಗೆ ಸ್ಥಳಾಂತರಗೊಂಡವು.

ಅತ್ತ ಬೆಂಗಳೂರಿನಲ್ಲಿ, 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದಿಂದ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಸ್ವಾತಂತ್ರ್ಯಾನಂತರ ಪುಟ್ಟ ವಿಮಾನಗಳ ತವರುಮನೆಯಾಯಿತು. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಮೊದಲ ಬಾರಿಗೆ ಹಾರಿತು. 1958ರಲ್ಲಿ ಬಂದ 'ಪುಷ್ಪಕ' ಎರಡು ಆಸನಗಳ, 90 ಅಶ್ವಶಕ್ತಿಯ ಇಂಜಿನಿನ ವಿಮಾನ. ಸುಮಾರು 160 ಪುಷ್ಪಕಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳನ್ನು ಸೇರಿದವು. ಜಕ್ಕೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆಯ ಹೆಸರನ್ನು ಕೇಳದ ಬೆಂಗಳೂರಿಗರು ವಿರಳ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರೂಪಿಸಿದ 'ಹಂಸ' 1993ರಲ್ಲಿ ಮೊದಲು ಹಾರಿ, ಅದರ ಹಂಸ-3 ಮಾದರಿಗೆ 2000ದಲ್ಲಿ ಪ್ರಮಾಣಪತ್ರ ದೊರೆಯಿತು. ಸುಧಾರಿತ ಮಾದರಿ 2021ರಲ್ಲಿ ಹಾರಿತು. ಅದೇ 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಹೊಸ ಹಾರಾಟ ಶಾಲೆಗಳಿಗಾಗಿ ಆರಿಸಿದ ಐದು ನಿಲ್ದಾಣಗಳಲ್ಲಿ ಎರಡು, ಕಲಬುರಗಿ ಮತ್ತು ಬೆಳಗಾವಿ, ನಮ್ಮ ನಾಡಿನವು. ಆದುದರಿಂದ ಪುಟ್ಟ ವಿಮಾನವೆಂದರೇನು, ಅದನ್ನು ಪಾಲಿಸುವುದು ಹೇಗೆ ಎಂಬುದು ನಮ್ಮ ಮನೆಯ ಮಕ್ಕಳ ಮುಂದೆಯೂ ಬರಬಹುದಾದ ಪ್ರಶ್ನೆ.

ಜಾತಕ ಮತ್ತು ಕಡತ

ಮನುಷ್ಯನಿಗೆ ಜನನಪತ್ರವಿದ್ದಂತೆ ವಿಮಾನಕ್ಕೆ ನೋಂದಣಿ ಪತ್ರವಿರುತ್ತದೆ. ಭಾರತದಲ್ಲಿ ನೋಂದಣಿಯಾದ ಪ್ರತಿಯೊಂದು ನಾಗರಿಕ ವಿಮಾನದ ಮೈಮೇಲೂ 'ವಿಟಿ' ಎಂಬ ಎರಡಕ್ಷರಗಳಿಂದ ಆರಂಭವಾಗುವ ಗುರುತು ಇರುವುದನ್ನು ಓದುಗರು ಗಮನಿಸಿರಬಹುದು. ಇದಲ್ಲದೆ ಹಾರಾಟಕ್ಕೆ ಯೋಗ್ಯವೆಂಬ ಪ್ರಮಾಣಪತ್ರವೊಂದು ಬೇಕು. ಆ ಯೋಗ್ಯತೆಯು ಉಳಿದಿದೆಯೆಂಬುದನ್ನು ವರ್ಷಕ್ಕೊಮ್ಮೆ ಪರಿಶೀಲಿಸಿ ದೃಢಪಡಿಸಬೇಕು. ಇವೆಲ್ಲವೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅಧೀನದಲ್ಲಿ ನಡೆಯುತ್ತವೆ. 1934ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಭಾರತೀಯ ವಾಯುಯಾನ ಅಧಿನಿಯಮವು 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಖಾಸಗಿ ವರ್ಗದಲ್ಲಿ ನೋಂದಣಿಯಾದ ವಿಮಾನವನ್ನು ಬಾಡಿಗೆಗೆ ಓಡಿಸುವಂತಿಲ್ಲ ಎಂಬುದು ಇಲ್ಲಿ ನೆನಪಿಡತಕ್ಕ ನಿಯಮ. ಅಂದರೆ ಅದರ ಖರ್ಚನ್ನು ಅದರಿಂದಲೇ ದುಡಿಸಿಕೊಳ್ಳುವ ದಾರಿ ಒಡೆಯನಿಗಿಲ್ಲ.

ಇಷ್ಟೆಲ್ಲ ಪತ್ರಗಳಿಗಿಂತಲೂ ಹೆಚ್ಚಿನ ಬೆಲೆಯುಳ್ಳದ್ದು ಲಾಗ್ ಪುಸ್ತಕ. ವಿಮಾನದ ಒಡಲಿಗೊಂದು, ಇಂಜಿನಿಗೊಂದು, ಹೀಗೆ ಪ್ರತ್ಯೇಕ ಪುಸ್ತಕಗಳಿರುತ್ತವೆ. ಎಷ್ಟು ಗಂಟೆ ಹಾರಿತು, ಯಾವ ಭಾಗ ಯಾವಾಗ ಬದಲಾಯಿತು, ಯಾವ ದೋಷ ಕಂಡಿತು, ಅದನ್ನು ಯಾರು ಸರಿಪಡಿಸಿ ಸಹಿ ಮಾಡಿದರು ಎಂಬ ವಿವರಗಳೆಲ್ಲ ಹುಟ್ಟಿದಂದಿನಿಂದ ಅಲ್ಲಿ ದಾಖಲಾಗಿರಬೇಕು. ಹಳೆಯ ವಿಮಾನವನ್ನು ಕೊಳ್ಳಹೊರಟ ಜಾಣರು ಮೊದಲು ನೋಡುವುದು ಹೊಳೆಯುವ ಬಣ್ಣವನ್ನಲ್ಲ, ಈ ಪುಸ್ತಕವನ್ನು. ನಡುವೆ ಎರಡು ವರ್ಷಗಳ ದಾಖಲೆ ಕಾಣೆಯಾಗಿದ್ದರೆ ಆ ಎರಡು ವರ್ಷಗಳಲ್ಲಿ ವಿಮಾನಕ್ಕೆ ಏನಾಯಿತೆಂದು ಹೇಳಬಲ್ಲವರು ಯಾರೂ ಇಲ್ಲ. ಹಳೆಯ ಚೀಟಿಗಳನ್ನೆಲ್ಲ ಎಸೆದು ಹೊಸ ವೈದ್ಯರ ಮುಂದೆ ಕುಳಿತ ರೋಗಿಯ ಸ್ಥಿತಿಯೇ ಅದರದು.

ಕಾರ್ಖಾನೆಯಿಂದ ಹೊರಬಿದ್ದ ಮೇಲೂ ವಿಮಾನದ ಕಥೆ ಮುಗಿಯುವುದಿಲ್ಲ. ಜಗತ್ತಿನ ಯಾವುದೋ ಮೂಲೆಯಲ್ಲಿ ಅದೇ ಮಾದರಿಯ ವಿಮಾನದ ಒಂದು ಕೀಲು ಬಿರುಕು ಬಿಟ್ಟರೆ, ಆ ಮಾದರಿಯ ಎಲ್ಲ ಒಡೆಯರಿಗೂ ಆ ಭಾಗವನ್ನು ಪರೀಕ್ಷಿಸಬೇಕೆಂಬ ಕಡ್ಡಾಯ ಆದೇಶ ತಲಪುತ್ತದೆ. ಒಬ್ಬನಿಗಾದ ಪೆಟ್ಟು ಎಲ್ಲರಿಗೂ ಪಾಠವಾಗಬೇಕೆಂಬ ಈ ಏರ್ಪಾಟು ವಿಮಾನಯಾನದ ಬಹುದೊಡ್ಡ ಸಾಧನೆಗಳಲ್ಲಿ ಒಂದು.

ಇಂಜಿನೆಂಬ ಹೃದಯ

ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾದ ಪುಟ್ಟ ವಿಮಾನವೆಂದರೆ ಅಮೆರಿಕದ ಸೆಸ್ನಾ 172. 1955ರಲ್ಲಿ ಮೊದಲು ಹಾರಿದ ಈ ನಾಲ್ಕಾಸನದ ವಿಮಾನಗಳು 44,000ಕ್ಕೂ ಮಿಕ್ಕು ತಯಾರಾಗಿವೆ. ಇದರ ಇಂಜಿನಿಗೆ ನಾಲ್ಕು ಸಿಲಿಂಡರುಗಳು. ಕಾರಿನಂತೆ ನೀರಿನಿಂದಲ್ಲದೆ ಎದುರು ಬೀಸುವ ಗಾಳಿಯಿಂದಲೇ ಇವು ತಣಿಯುತ್ತವೆ. ಪ್ರತಿ ಸಿಲಿಂಡರಿಗೂ ಎರಡೆರಡು ಸ್ಪಾರ್ಕ್ ಪ್ಲಗ್ಗುಗಳು, ಅವುಗಳಿಗೆ ಕಿಡಿ ಒದಗಿಸಲು ಎರಡು ಪ್ರತ್ಯೇಕ ಮ್ಯಾಗ್ನೆಟೊಗಳು. ಒಂದು ಸತ್ತರೂ ಇನ್ನೊಂದು ಇಂಜಿನನ್ನು ನಡೆಸಬೇಕೆಂಬುದು ಇದರ ಉದ್ದೇಶ. ಹಾರುವ ಮುನ್ನ ಚಾಲಕನು ಒಂದೊಂದನ್ನೇ ಆರಿಸಿ ಇನ್ನೊಂದರ ಬಲವನ್ನು ಪರೀಕ್ಷಿಸುವುದು ಕಡ್ಡಾಯದ ವಾಡಿಕೆ.

ಇಂಥ ಇಂಜಿನನ್ನು ಸುಮಾರು 2,000 ಗಂಟೆಗಳ ಹಾರಾಟವಾದ ಮೇಲೆ, ಅಥವಾ ಅಷ್ಟು ಹಾರದಿದ್ದರೂ 12 ವರ್ಷಗಳಾದ ಮೇಲೆ, ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಬೇಕೆಂದು ತಯಾರಕರು ಸೂಚಿಸುತ್ತಾರೆ. ಅದರ ನಡುವೆ 50 ಗಂಟೆಗೊಮ್ಮೆ ಎಣ್ಣೆ ಮತ್ತು ಫಿಲ್ಟರ್ ಬದಲಾವಣೆ, 100 ಗಂಟೆಗೊಮ್ಮೆ ವಿಸ್ತಾರವಾದ ತಪಾಸಣೆ. ತೆಗೆದ ಫಿಲ್ಟರನ್ನು ನುರಿತ ಇಂಜಿನಿಯರು ಬಿಸಾಡುವುದಿಲ್ಲ. ಅದನ್ನು ಸೀಳಿ, ಮಡಿಕೆಗಳನ್ನು ಬಿಡಿಸಿ, ಅಲ್ಲಿ ಲೋಹದ ಸಣ್ಣ ಚೂರುಗಳೇನಾದರೂ ಹೊಳೆಯುತ್ತಿವೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ. ನಮ್ಮ ರಕ್ತಪರೀಕ್ಷೆಗೆ ಇದು ಸಮಾನ. ಸಿಲಿಂಡರಿಗೆ ಚದರಂಗುಲಕ್ಕೆ 80 ಪೌಂಡುಗಳ ಒತ್ತಡದಲ್ಲಿ ಗಾಳಿ ತುಂಬಿ, ಎಷ್ಟು ಸೋರುತ್ತದೆಂದು ಅಳೆಯುವುದು ಅದರ ರಕ್ತದೊತ್ತಡದ ಪರೀಕ್ಷೆ.

ಓವರ್‌ಹಾಲಿನ ವೆಚ್ಚ ಭಾರಿಯಾದುದು. ಅದನ್ನು ಎದುರಿಸುವ ಉಪಾಯ ಒಂದೇ. ಲೆಕ್ಕಕ್ಕಾಗಿ ಆ ವೆಚ್ಚ 20 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. 2,000 ಗಂಟೆಗಳಿಗೆ ಹಂಚಿದರೆ ಗಂಟೆಗೆ 1,000 ರೂಪಾಯಿ. ಇಂಧನಕ್ಕೆ ಕೊಟ್ಟ ಹಣದ ಜೊತೆಗೆ ಈ ಸಾವಿರವನ್ನೂ ಪ್ರತಿ ಗಂಟೆಯ ಹಾರಾಟಕ್ಕೆ ಬೇರೆಯಾಗಿ ತೆಗೆದಿಡುವವನೇ ವಿವೇಕಿಯಾದ ಒಡೆಯ. ಹಾಗೆ ಮಾಡದವನು ಹಾರುವಾಗಲೆಲ್ಲ ಸಾಲ ಮಾಡುತ್ತಿರುತ್ತಾನೆ. ಸಾಲಗಾರ ಮಾತ್ರ ಹನ್ನೆರಡು ವರ್ಷಗಳ ನಂತರ ಬಾಗಿಲು ತಟ್ಟುತ್ತಾನೆ.

ನಿಂತ ವಿಮಾನಕ್ಕೇ ಕಾಯಿಲೆ ಹೆಚ್ಚು

ಕಡಮೆ ಬಳಸಿದ ಯಂತ್ರ ಹೆಚ್ಚು ಬಾಳುತ್ತದೆ ಎಂಬುದು ಸಾಮಾನ್ಯವಾದ ತಿಳಿವಳಿಕೆ. ಪುಟ್ಟ ವಿಮಾನದ ವಿಷಯದಲ್ಲಿ ಇದು ಪೂರಾ ತಿರುಗುಮುರುಗು. ದಿನವೂ ಉಳುವ ನೇಗಿಲಿನ ಕುಳ ಹೊಳೆಯುತ್ತದೆ, ಅಟ್ಟದ ಮೇಲಿಟ್ಟ ಕುಳಕ್ಕೆ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಹಾರುವ ಹಳೆಯ ವಿಮಾನವು, ವರ್ಷಗಟ್ಟಲೆ ಹ್ಯಾಂಗರಿನಲ್ಲಿ ಮುಸುಕು ಹೊದ್ದು ನಿಂತ ಹೊಸ ವಿಮಾನಕ್ಕಿಂತ ನಂಬಿಕೆಗೆ ಅರ್ಹವೆಂದು ಬಲ್ಲವರು ಹೇಳುವುದು ಇದೇ ಕಾರಣದಿಂದ.

ಇಂಜಿನು ಉರಿಯುವಾಗ ನೀರಿನ ಆವಿ ಉತ್ಪತ್ತಿಯಾಗುತ್ತದೆ. ಅದರ ಸ್ವಲ್ಪ ಭಾಗ ಒಳಗಿನ ಎಣ್ಣೆಯಲ್ಲಿ ಸೇರುತ್ತದೆ. ಹಾರಾಟದಲ್ಲಿ ಎಣ್ಣೆಯು 75 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾದು ಒಂದು ಗಂಟೆಯ ಹೊತ್ತು ಹಾಗೆಯೇ ಇದ್ದರೆ ಆ ನೀರು ಹಬೆಯಾಗಿ ಹೊರಟುಹೋಗುತ್ತದೆ. ನಿಂತಲ್ಲಿಯೇ ಉಳಿದರೆ ನೀರೂ ಉಳಿದು ಎಣ್ಣೆಯನ್ನು ಹುಳಿಯಾಗಿಸುತ್ತದೆ. ಲೈಕಮಿಂಗ್ ಇಂಜಿನುಗಳಲ್ಲಿ ಕವಾಟಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಮೇಲ್ಭಾಗದಲ್ಲಿರುವುದರಿಂದ ವಾರಗಟ್ಟಲೆ ನಿಂತಾಗ ಅದರ ಮೇಲಿನ ಎಣ್ಣೆಯ ಪೊರೆ ಇಳಿದುಹೋಗುತ್ತದೆ. ಬರಿಯ ಉಕ್ಕಿಗೆ ತೇವ ತಗುಲಿ ತುಕ್ಕು ಹತ್ತುತ್ತದೆ. ಮುಂದೆ ಹಾರಿಸಿದಾಗ ಆ ತುಕ್ಕಿನ ಕಣಗಳೇ ಉಪ್ಪುಕಾಗದದಂತೆ ಲೋಹವನ್ನು ತೇಯುತ್ತವೆ. ಕೆಲವರು ವಾರಕ್ಕೊಮ್ಮೆ ಹ್ಯಾಂಗರಿನ ಮುಂದೆ ಐದು ನಿಮಿಷ ಇಂಜಿನನ್ನು ಚಾಲೂ ಮಾಡಿ ನಿಲ್ಲಿಸಿ ಸಮಾಧಾನಪಡುತ್ತಾರೆ. ಇದು ಉಪಕಾರಕ್ಕಿಂತ ಅಪಕಾರವೇ ಸರಿ. ನೀರು ಹುಟ್ಟುವಷ್ಟು ಇಂಜಿನು ಉರಿಯಿತು, ಆರುವಷ್ಟು ಕಾಯಲಿಲ್ಲ.

ತುಕ್ಕೊಂದೇ ಅಲ್ಲ. ರಬ್ಬರಿನ ನಳಿಗೆಗಳು ಒಣಗಿ ಸೀಳುತ್ತವೆ. ಅರೆತುಂಬಿದ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ನೀರು ಹನಿಗಟ್ಟಿ ಪೆಟ್ರೋಲಿನ ಅಡಿಯಲ್ಲಿ ಸಂಗ್ರಹವಾಗುತ್ತದೆ. ಆದುದರಿಂದಲೇ ಪ್ರತಿ ಹಾರಾಟಕ್ಕೂ ಮುನ್ನ ಟ್ಯಾಂಕಿನ ತಳದಿಂದ ಇಂಧನವನ್ನು ಗಾಜಿನಂಥ ಪಾರದರ್ಶಕ ಬಟ್ಟಲಿಗೆ ಇಳಿಸಿ, ಬಣ್ಣ ನೋಡಿ, ನೀರಿನ ಗುಳ್ಳೆಯಿಲ್ಲವೆಂದು ಖಚಿತಪಡಿಸಿಕೊಳ್ಳುವ ಕ್ರಮವಿದೆ. ಮಳೆಗಾಲದ ನಾಲ್ಕು ತಿಂಗಳು ಹೈದರಾಬಾದಿನಲ್ಲಿಯೂ ಬೆಂಗಳೂರಿನಲ್ಲಿಯೂ ಈ ಕ್ರಮವನ್ನು ಒಂದು ದಿನವೂ ಬಿಡುವಂತಿಲ್ಲ.

ಇನ್ನು ಹುಳುಹುಪ್ಪಟೆಗಳ ಕಾಟ. ನಮ್ಮ ಮನೆಗಳ ಗೋಡೆ, ಕಿಟಕಿಯ ಸಂದುಗಳಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜವನ್ನು ಯಾರು ನೋಡಿಲ್ಲ? ವಿಮಾನದ ವೇಗವನ್ನು ಅಳೆಯಲು ಹೊರಗೆ ಚಾಚಿರುವ ಪಿಟೊ ಎಂಬ ಸಣ್ಣ ನಳಿಗೆ ಅದಕ್ಕೆ ಅಚ್ಚುಮೆಚ್ಚಿನ ಜಾಗ. ಆ ರಂಧ್ರ ಮುಚ್ಚಿಕೊಂಡರೆ ಚಾಲಕನ ಮುಂದಿನ ವೇಗಮಾಪಕ ಸುಳ್ಳು ಹೇಳತೊಡಗುತ್ತದೆ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದಿಂದ ಹೊರಟ ಬರ್ಗೆನ್ ಏರ್ ಸಂಸ್ಥೆಯ ಬೋಯಿಂಗ್ 757 ವಿಮಾನ ಸಮುದ್ರಕ್ಕೆ ಬಿದ್ದು ಅದರಲ್ಲಿದ್ದ 189 ಮಂದಿಯೂ ಮಡಿದರು. ಆ ವಿಮಾನವು ಅದಕ್ಕೂ ಮೊದಲು ಸುಮಾರು ಮೂರು ವಾರ ಹಾರದೆ ನಿಂತಿತ್ತು. ಪಿಟೊ ನಳಿಗೆಗೆ ಮುಸುಕು ಹಾಕಿರಲಿಲ್ಲ. ಅದರಲ್ಲಿ ಕಣಜ ಗೂಡು ಕಟ್ಟಿರಬೇಕೆಂದು ತನಿಖೆಯವರು ಬಲವಾಗಿ ಶಂಕಿಸಿದರು. ಕೆಂಪು ಬಟ್ಟೆಯ ಒಂದು ಪುಟ್ಟ ಮುಸುಕಿನ ಬೆಲೆ ಎಷ್ಟು, ಅದಿಲ್ಲದುದರ ಬೆಲೆ ಎಷ್ಟು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಸಾಧ್ಯವಿಲ್ಲ. ಭಾರೀ ವಿಮಾನಕ್ಕೆ ಆದದ್ದು ಪುಟ್ಟ ವಿಮಾನಕ್ಕೆ ಇನ್ನೂ ಸುಲಭವಾಗಿ ಆದೀತು, ಏಕೆಂದರೆ ಪುಟ್ಟ ವಿಮಾನಗಳು ನಿಲ್ಲುವ ದಿನಗಳೇ ಹೆಚ್ಚು.

ದಖನ್ನಿನ ಬಿಸಿಲು

ಬೇಗಂಪೇಟೆಯ ಓಡುಹಾದಿ ಸಮುದ್ರಮಟ್ಟದಿಂದ ಸುಮಾರು 1,740 ಅಡಿ ಎತ್ತರದಲ್ಲಿದೆ. ಬೇಸಗೆಯ ಮಧ್ಯಾಹ್ನ 40 ಡಿಗ್ರಿ ಬಿಸಿಲಿನಲ್ಲಿ ಗಾಳಿ ಹಿಗ್ಗಿ ತೆಳುವಾದಾಗ, ಅಲ್ಲಿ ನಿಂತ ವಿಮಾನಕ್ಕೆ ತಾನು 5,000 ಅಡಿಗಳಿಗಿಂತಲೂ ಎತ್ತರದ ಬೆಟ್ಟದ ಮೇಲಿರುವಂತೆ ಅನುಭವವಾಗುತ್ತದೆ. ಗಾಳಿಯ ಸಾಂದ್ರತೆ ಸಮುದ್ರತೀರದಲ್ಲಿರುವುದಕ್ಕಿಂತ ಶೇಕಡ 15ರಷ್ಟು ಕಡಮೆ. ರೆಕ್ಕೆಗೂ ಪ್ರೊಪೆಲ್ಲರಿಗೂ ಇಂಜಿನಿಗೂ ಅಷ್ಟೇ ಪ್ರಮಾಣದ ನಷ್ಟ. ನೆಲದ ಮೇಲಿನ ಓಟ ಉದ್ದವಾಗುತ್ತದೆ, ಏರುವ ಗತಿ ಕುಗ್ಗುತ್ತದೆ. ಡಿಸೆಂಬರಿನ ಮುಂಜಾನೆ ನಾಲ್ವರನ್ನು ಹೊತ್ತು ಲೀಲಾಜಾಲವಾಗಿ ಏರಿದ ವಿಮಾನ ಮೇ ತಿಂಗಳ ಮಧ್ಯಾಹ್ನ ಅದೇ ನಾಲ್ವರನ್ನು ಹೊತ್ತು ಏದುಸಿರು ಬಿಡುತ್ತದೆ. ಎರಡು ದಿನವೂ ಯಂತ್ರ ಅದೇ, ಚಾಲಕನೂ ಅವನೇ. ಬೇಸಗೆಯಲ್ಲಿ ಬೆಳಗಿನ ತಂಪಿನಲ್ಲಿಯೇ ಹಾರಿ ಮುಗಿಸಬೇಕು, ಭಾರವನ್ನು ಕಡಮೆ ಮಾಡಬೇಕು ಎಂಬ ಅನುಭವಿಗಳ ಮಾತಿನ ಹಿಂದೆ ಈ ಲೆಕ್ಕವಿದೆ. ಬೆಂಗಳೂರಿನ ಹವೆ ತಂಪಾದರೂ ಜಕ್ಕೂರು ಇನ್ನೂ ಎತ್ತರದಲ್ಲಿರುವುದರಿಂದ ಅಲ್ಲಿಯವರಿಗೂ ಈ ಚಿಂತೆ ತಪ್ಪಿದ್ದಲ್ಲ.

ಕಾಣದ ವಿಷ

ಯಂತ್ರದ ಪಾಲನೆಗೂ ಮನುಷ್ಯನ ಆರೋಗ್ಯಕ್ಕೂ ನೇರವಾದ ಸಂಬಂಧವಿರುವ ಒಂದು ವಿಷಯವನ್ನು ಇಲ್ಲಿ ವಿಸ್ತಾರವಾಗಿ ಹೇಳುವುದು ಅಗತ್ಯ. ಒಂದೇ ಇಂಜಿನಿನ ಅನೇಕ ವಿಮಾನಗಳಲ್ಲಿ ಒಳಗಿನವರಿಗೆ ಬೆಚ್ಚಗಿನ ಗಾಳಿಯನ್ನು ಒದಗಿಸಲು, ಹೊಗೆ ಹೊರಹೋಗುವ ಕಾದ ಕೊಳವೆಯ ಸುತ್ತ ಗಾಳಿಯನ್ನು ಹಾಯಿಸಿ ಒಳಕ್ಕೆ ಬಿಡುತ್ತಾರೆ. ಕೊಳವೆ ಗಟ್ಟಿಯಾಗಿರುವವರೆಗೆ ತೊಂದರೆಯಿಲ್ಲ. ಅದರಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಬೆಚ್ಚನೆಯ ಗಾಳಿಯ ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಅನಿಲವೂ ಒಳನುಗ್ಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಒಲವಿನಿಂದ ಇದನ್ನು ಅಪ್ಪಿಕೊಳ್ಳುತ್ತದೆ. ಮೊದಲು ತಲೆನೋವು, ಹೊಟ್ಟೆ ತೊಳಸುವಿಕೆ, ಮಂಪರು. ಆ ಮೇಲೆ ವಿವೇಚನೆಯ ನಾಶ. ಕೊನೆಗೆ ಪ್ರಜ್ಞೆಯ ನಾಶ. ಶುದ್ಧ ಗಾಳಿಗೆ ಬಂದರೂ ರಕ್ತದಲ್ಲಿನ ವಿಷದ ಅರ್ಧಭಾಗ ಹೋಗಬೇಕಾದರೆ ನಾಲ್ಕೈದು ಗಂಟೆ ಬೇಕಾಗುತ್ತದೆ.

2019ರ ಜನವರಿ 21ರ ರಾತ್ರಿ ಫ್ರಾನ್ಸಿನ ನಾಂತ್ ನಗರದಿಂದ ಬ್ರಿಟನ್ನಿನ ಕಾರ್ಡಿಫ್‌ಗೆ ಹೊರಟಿದ್ದ ಪೈಪರ್ ಮಾಲಿಬು ಎಂಬ ಒಂದೇ ಇಂಜಿನಿನ ಖಾಸಗಿ ವಿಮಾನ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಮುಳುಗಿತು. ಅದರಲ್ಲಿದ್ದ ಅರ್ಜೆಂಟೀನಾದ ಕಾಲ್ಚೆಂಡಿನ ಆಟಗಾರ ಎಮಿಲಿಯಾನೊ ಸಾಲಾ ಅವರ ರಕ್ತದ ಹಿಮೊಗ್ಲೋಬಿನ್ನಿನಲ್ಲಿ ಶೇಕಡ 58ರಷ್ಟನ್ನು ಈ ಅನಿಲ ಆಕ್ರಮಿಸಿತ್ತೆಂದು ಬ್ರಿಟಿಷ್ ತನಿಖಾ ಸಂಸ್ಥೆಯ ವರದಿ ತಿಳಿಸಿತು. ಚಾಲಕನೂ ಈ ವಿಷಕ್ಕೆ ಒಳಗಾಗಿರುವ ಸಂಭವವಿದೆಯೆಂದೂ, ಎಚ್ಚರಿಕೆಯ ಸದ್ದು ಮಾಡುವ ಅನಿಲಸೂಚಕ ಆ ವಿಮಾನದಲ್ಲಿ ಇರಲಿಲ್ಲವೆಂದೂ ಅದೇ ವರದಿಯಿಂದ ತಿಳಿದುಬಂದಿತು. ಅಂಗೈಯಗಲದ ಒಂದು ಸೂಚಕ ಯಂತ್ರ, ವರ್ಷವರ್ಷವೂ ಹೊಗೆಕೊಳವೆಯ ಪರೀಕ್ಷೆ, ಈ ಎರಡೇ ಇದರ ಮದ್ದು. ನಮ್ಮ ಸೆಖೆಯ ನಾಡಿನಲ್ಲಿ ಬಿಸಿಗಾಳಿಯ ಗುಂಡಿಯನ್ನು ಒತ್ತುವವರೇ ಕಡಮೆ ಎಂದು ಉದಾಸೀನ ಮಾಡಬಾರದು. ಇಂಜಿನಿನ ಕೋಣೆಗೂ ಕುಳಿತುಕೊಳ್ಳುವ ಕೋಣೆಗೂ ನಡುವಣ ತಡಿಕೆಯ ರಂಧ್ರಗಳಿಂದಲೂ ಅನಿಲ ಒಳಬರಬಲ್ಲುದು.

ಸೀಸದ ವಿಷಯವೂ ಇದೆ. ಪುಟ್ಟ ವಿಮಾನಗಳ ವಿಶೇಷ ಪೆಟ್ರೋಲಾದ ಏವ್‌ಗ್ಯಾಸ್ 100ಎಲ್ಎಲ್‌ನಲ್ಲಿ ಲೀಟರಿಗೆ 0.56 ಗ್ರಾಮಿನವರೆಗೆ ಸೀಸವಿರಲು ಅವಕಾಶವಿದೆ. ಭಾರತವು ಬಹುಕಾಲ ಇದನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತಿತ್ತು. 2022ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ವಡೋದರದ ಬಳಿಯ ತನ್ನ ಶುದ್ಧೀಕರಣಾಗಾರದಲ್ಲಿ ತಯಾರಿಸಿದ ಏವ್‌ಗ್ಯಾಸನ್ನು ಬಿಡುಗಡೆ ಮಾಡಿತು. ಈ ಇಂಧನವನ್ನು ಮುಟ್ಟುವವರು, ಸ್ಪಾರ್ಕ್ ಪ್ಲಗ್ಗುಗಳ ಕಪ್ಪನ್ನು ಕೆರೆಯುವವರು, ಊಟಕ್ಕೆ ಕೂರುವ ಮುನ್ನ ಸಾಬೂನಿನಿಂದ ಕೈ ತೊಳೆಯುವುದನ್ನು ಮರೆಯಬಾರದು. ಆ ಬಟ್ಟೆಯಲ್ಲಿಯೇ ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳುವುದೂ ತಕ್ಕುದಲ್ಲ. ಸೀಸದಿಂದ ಹೆಚ್ಚಿನ ಹಾನಿಯಾಗುವುದು ಎಳೆಯರ ಮೆದುಳಿಗೇ.

ಚಾಲಕನ ದೇಹವೂ ಯಂತ್ರದ ಒಂದು ಭಾಗ

ಖಾಸಗಿ ಚಾಲಕನ ಲೈಸೆನ್ಸ್ ಪಡೆಯಲು ನಮ್ಮ ದೇಶದಲ್ಲಿ 17 ವರ್ಷ ತುಂಬಿರಬೇಕು, ಹತ್ತನೆಯ ತರಗತಿ ಮುಗಿದಿರಬೇಕು, ಕನಿಷ್ಠ 40 ಗಂಟೆಗಳ ಹಾರಾಟವಾಗಿರಬೇಕು. ಇವುಗಳ ಜೊತೆಗೆ ವೈದ್ಯಕೀಯ ಯೋಗ್ಯತಾಪತ್ರವೂ ಕಡ್ಡಾಯ. ಅದನ್ನು ನಿಗದಿಯಾದ ಅವಧಿಗೊಮ್ಮೆ ನವೀಕರಿಸಿಕೊಳ್ಳಬೇಕು. ಆದರೆ ವೈದ್ಯರು ನೋಡುವುದು ಎಂದೋ ಒಂದು ದಿನ. ಉಳಿದ ದಿನಗಳಲ್ಲಿ ತನ್ನ ದೇಹಕ್ಕೆ ತಾನೇ ವೈದ್ಯ. ನೆಗಡಿಯಾಗಿ ಕಿವಿ ಕಟ್ಟಿದ್ದರೆ ವಿಮಾನ ಕೆಳಗಿಳಿಯುವಾಗ ಒತ್ತಡ ಸಮವಾಗದೆ ಅಸಹನೀಯ ನೋವಾಗುತ್ತದೆ. ಆ ನೆಗಡಿಗೆಂದು ಅಂಗಡಿಯಿಂದ ತಂದು ನುಂಗಿದ ಮಾತ್ರೆ ತೂಕಡಿಕೆಯನ್ನು ತರುತ್ತದೆ. ಮದ್ಯ ಸೇವಿಸಿ 12 ಗಂಟೆ ಕಳೆಯದ ಹೊರತು ಹಾರುವುದನ್ನು ನಮ್ಮ ನಿಯಮಗಳು ನಿಷೇಧಿಸಿವೆ. ನಿದ್ದೆಗೆಟ್ಟ ರಾತ್ರಿ, ಉಪವಾಸದ ಬೆಳಗು, ಮನೆಯ ಜಗಳ, ಇವು ಯಾವ ಪತ್ರದಲ್ಲಿಯೂ ದಾಖಲಾಗುವುದಿಲ್ಲ. ಇಂಜಿನಿನ ಎಣ್ಣೆಯನ್ನು ಕಡ್ಡಿಯದ್ದಿ ನೋಡುವ ಚಾಲಕನು ತನ್ನನ್ನೂ ಹಾಗೆಯೇ ನೋಡಿಕೊಳ್ಳಬೇಕಾದುದು ನ್ಯಾಯ. ಇಂದು ಬೇಡ ಎಂದು ಬೀಗವನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹಿಂತಿರುಗಿದವನನ್ನು ಹೇಡಿ ಎನ್ನುವ ಸ್ನೇಹಿತರ ಸಹವಾಸ ಒಳ್ಳೆಯದಲ್ಲ.

ಹತ್ತು ಕೈಗಳ ಒಡೆತನ

ಹ್ಯಾಂಗರಿನ ಬಾಡಿಗೆ, ವಿಮೆ, ವಾರ್ಷಿಕ ತಪಾಸಣೆಗಳ ಖರ್ಚು ವಿಮಾನ ಹಾರಿದರೂ ಹಾರದಿದ್ದರೂ ತಪ್ಪಿದ್ದಲ್ಲ. ಹಾರಿದರೆ ಸೆಸ್ನಾ 172ರಂಥ ವಿಮಾನ ಗಂಟೆಗೆ 30ರಿಂದ 35 ಲೀಟರ್ ಇಂಧನ ಕುಡಿಯುತ್ತದೆ. ವರ್ಷಕ್ಕೆ 20 ಗಂಟೆ ಹಾರುವವನಿಗೆ ಸ್ಥಿರವೆಚ್ಚವೇ ಗಂಟಲಿಗೆ ಬರುತ್ತದೆ. ಅದೇ ವಿಮಾನವನ್ನು ಐದು ಮಂದಿ ಸೇರಿ 100 ಗಂಟೆ ಹಾರಿಸಿದರೆ ಒಬ್ಬೊಬ್ಬನ ಪಾಲಿಗೆ ಆ ವೆಚ್ಚ ಐದನೆಯ ಒಂದು ಭಾಗಕ್ಕಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ವಿಮಾನ ನಿಲ್ಲುವುದಿಲ್ಲ. ನಿಲ್ಲದಿರುವುದೇ ಅದಕ್ಕೆ ಔಷಧ. ನಮ್ಮ ಹಿರಿಯರು ಏರೋ ಕ್ಲಬ್ಬುಗಳನ್ನು ಕಟ್ಟಿದ್ದರಲ್ಲಿದ್ದ ವಿವೇಕ ಇದೇ. ಒಬ್ಬರ ಹ್ಯಾಂಗರಿನಲ್ಲಿ ತುಕ್ಕು ಹಿಡಿಯಬಹುದಾಗಿದ್ದ ಯಂತ್ರವು ಹತ್ತು ಮಂದಿಯ ಕೈಯಲ್ಲಿ ಆರೋಗ್ಯದಿಂದಿರುತ್ತದೆ. ಸಹಒಡೆತನದಲ್ಲಿ ಜಗಳಗಳೂ ಇಲ್ಲದಿಲ್ಲ. ದೋಷವನ್ನು ಕಂಡವನು ಬರೆದಿಡದೆ ಮುಂದಿನವನಿಗೆ ಬಿಟ್ಟುಹೋಗುವ ಚಾಳಿ ಅವುಗಳಲ್ಲಿ ಅತ್ಯಂತ ಅಪಾಯಕರ. ಕಂಡದ್ದನ್ನು ಕಂಡಂತೆ, ಕಂಡ ದಿನವೇ ಬರೆಯಬೇಕೆಂಬ ಒಂದು ನಿಯಮವನ್ನು ಎಲ್ಲರೂ ಒಪ್ಪಿದರೆ ಉಳಿದುವು ತಾವಾಗಿ ಸರಿಹೋಗುತ್ತವೆ.

ಸಹಿಯ ಬೆಲೆ

ಚಾಲಕನ ಸಮವಸ್ತ್ರದ ಮೇಲೆ ಎಲ್ಲರ ಕಣ್ಣು. ಆದರೆ ವಿಮಾನ ನೆಲ ಬಿಡುವ ಮುನ್ನ ಅದು ಯೋಗ್ಯವಾಗಿದೆಯೆಂದು ಸಹಿ ಮಾಡುವವರು ಲೈಸೆನ್ಸ್ ಪಡೆದ ನಿರ್ವಹಣಾ ಇಂಜಿನಿಯರು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳೊಡನೆ ಹನ್ನೆರಡನೆಯ ತರಗತಿ ಮುಗಿಸಿದವರು ಅನುಮೋದಿತ ಸಂಸ್ಥೆಗಳಲ್ಲಿ ತರಬೇತಿ ಹೊಂದಿ, ಮಹಾನಿರ್ದೇಶನಾಲಯದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಕೈಕೆಲಸದ ಅನುಭವ ಪಡೆದು ಈ ಲೈಸೆನ್ಸಿಗೆ ಅರ್ಹರಾಗುತ್ತಾರೆ. ಮಕ್ಕಳು ವಿಮಾನದ ಮಾತೆತ್ತಿದೊಡನೆ ಪೈಲಟ್ ಆಗುವುದೊಂದನ್ನೇ ನೆನೆಯುವ ತಂದೆತಾಯಿಗಳು ಈ ಮಾರ್ಗವನ್ನೂ ಗಮನಿಸುವುದು ಒಳಿತು. ಒಂದೊಂದು ನಟ್ಟನ್ನೂ ಅಳತೆಯ ಬಲದಿಂದ ಬಿಗಿದು, ಸಡಿಲವಾಗದಂತೆ ತಂತಿ ಹೊಸೆದು, ಕೆಲಸ ಮುಗಿದ ಮೇಲೆ ಪೆಟ್ಟಿಗೆಯ ಉಪಕರಣಗಳನ್ನು ಎಣಿಸಿ, ಒಂದು ಸ್ಪ್ಯಾನರು ಕಡಮೆಯಾದರೂ ಅದು ಸಿಗುವತನಕ ವಿಮಾನವನ್ನು ಬಿಡದಿರುವ ಈ ವೃತ್ತಿಯಲ್ಲಿ ತಪಸ್ಸಿನ ಅಂಶವಿದೆ. ಒಡೆಯನು ಅವಸರಪಡಿಸಿದಾಗಲೂ ಸಹಿ ಮಾಡದೆ ಲೇಖನಿಯನ್ನು ಕೆಳಗಿಟ್ಟ ಇಂಜಿನಿಯರನು ಒಡೆಯನ ಪ್ರಾಣವನ್ನೇ ಉಳಿಸುತ್ತಿರುತ್ತಾನೆ.

ಇಂಥ ಆರೈಕೆಯ ಫಲವೇನೆಂಬುದಕ್ಕೆ ಒಂದು ನಿದರ್ಶನ ಸಾಕು. ತಮ್ಮ ಮೊದಲ ಅಂಚೆಯಾನಕ್ಕೆ ಐವತ್ತು ವರ್ಷ ತುಂಬಿದ 1982ರ ಅಕ್ಟೋಬರ್ 15ರಂದು, 78 ವರ್ಷದ ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಮತ್ತೊಮ್ಮೆ ಹಾರಿದರು. ಅವರು ಹಾರಿಸಿದ್ದು 1930ರ ದಶಕದ ಮಾದರಿಯಾದ ಲೆಪರ್ಡ್ ಮಾತ್ ವಿಮಾನ. ಜಗತ್ತು ಜೆಟ್ ಯುಗವನ್ನು ದಾಟುತ್ತಿದ್ದಾಗಲೂ ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ಆ ಹಳೆಯ ವಿಮಾನ ಅರಬ್ಬೀ ಸಮುದ್ರದ ಅಂಚಿನಲ್ಲಿ ನೂರಾರು ಮೈಲಿ ಹಾರಿ ಸುರಕ್ಷಿತವಾಗಿ ಇಳಿಯಿತು. ಪತ್ರಿಕೆಗಳು ಚಾಲಕರನ್ನು ಕೊಂಡಾಡಿದುದು ಯುಕ್ತವೇ. ಆದರೆ ಆ ಬಟ್ಟೆಯನ್ನು ಕಾಲಕಾಲಕ್ಕೆ ಬಡಿದು ನೋಡಿ ಹೊಸತು ಹೊದಿಸಿದ, ಸವೆದ ಭಾಗಗಳನ್ನು ಬದಲಿಸಿದ, ಎಣ್ಣೆಯ ಕಲೆಗಳನ್ನು ಹಿಂಬಾಲಿಸಿ ಸೋರುವ ಜಾಗವನ್ನು ಹುಡುಕಿದ ಕೈಗಳಿಲ್ಲದಿದ್ದರೆ ಆ ದಿನ ವಿಮಾನವೂ ಇರುತ್ತಿರಲಿಲ್ಲ.

ವಿಮಾನದ ಒಡೆಯರಾಗುವ ಯೋಗ ನಮ್ಮಲ್ಲಿ ಎಲ್ಲರಿಗೂ ಇರಲಾರದು. ಆದರೆ ಎರಡು ಕೈ, ಎರಡು ಕಾಲು, ಒಂದು ಹೃದಯವುಳ್ಳ ಯಂತ್ರವೊಂದರ ಒಡೆತನ ಪ್ರತಿಯೊಬ್ಬರಿಗೂ ಹುಟ್ಟಿನಿಂದಲೇ ದೊರೆತಿದೆ. ಅದಕ್ಕೂ ವಾರ್ಷಿಕ ತಪಾಸಣೆ ಬೇಕು. ಅದೂ ಹೆಚ್ಚು ಕೆಡುವುದು ನಿಂತಲ್ಲಿಯೇ ನಿಂತಾಗ. ಅದರ ಕಡತವೂ ಪ್ರಾಮಾಣಿಕವಾಗಿರಬೇಕು. ಅದಕ್ಕೆ ಸಹಿ ಮಾಡಬೇಕಾದ ಇಂಜಿನಿಯರು ಮಾತ್ರ ನಾವೇ.